ಕಳ್ಳಿಗಾಡಿನಿಂದ ಪೈನ್ ಕಾಡಿಗೆ: ಟೂಸಾನ್‌ನ ಕ್ಯಾಟಲೀನಾ ಬೆಟ್ಟದಲ್ಲಿ ಓಡುವವರಿಗೆ

ಬಳ್ಳಾರಿ ಬಿಸಿಲು

ಅರಿಜೋನಾದ ಟೂಸಾನ್‌ಗೆ ಬಂದು ಆರು ವರ್ಷವಾಯ್ತು. ಫೀನಿಕ್ಸ್, ಚಾಂಡ್ಲರ್ ಕಡೆ ಇರೋ ಕನ್ನಡದ ಸ್ನೇಹಿತರು ಆಗಾಗ ಕೇಳ್ತಾರೆ: "ಸಾಂಟಾ ಕ್ಯಾಟಲೀನಾ ಬೆಟ್ಟದಲ್ಲಿ ಓಡಬೇಕು, ಯಾವ ಟ್ರೇಲ್ ಹಿಡೀಲಿ?" ಟ್ರೇಲ್ ಹೆಸರು ಹೇಳೋ ಮುಂಚೆ ಒಂದು ಮಾತು ಹೇಳಬೇಕು. ಅದನ್ನ ಎಲ್ಲರಿಗೂ ಒಟ್ಟಿಗೇ ಹೇಳಿಬಿಡ್ತೀನಿ.

ನಮ್ಮೂರ ಬೆಟ್ಟಗಳು ಕಲಿಸಿದ್ದು ಇಲ್ಲಿ ತಲೆಕೆಳಗಾಗುತ್ತೆ. ಕುಮಾರ ಪರ್ವತ ಹತ್ತಿದವರು ನೆನಪು ಮಾಡ್ಕೊಳ್ಳಿ. ಕಷ್ಟವೆಲ್ಲ ಹತ್ತುವಾಗ. ಇಳಿಯೋಕೆ ಶುರು ಮಾಡಿದ್ರೆ ಗಿರಿಗದ್ದೆ ಬರುತ್ತೆ, ಆಮೇಲೆ ಕಾಡಿನ ನೆರಳು, ಕೊನೆಗೆ ಕುಕ್ಕೆಯಲ್ಲಿ ಹೊಳೆ, ಊಟ. ದಣಿದಷ್ಟೂ ದಾರಿ ಸಲೀಸಾಗುತ್ತಾ ಹೋಗುತ್ತೆ. ಕ್ಯಾಟಲೀನಾದಲ್ಲಿ ಮೇಲಿರೋದು ತಂಪು, ನೆರಳು, ಪೈನ್ ಕಾಡು. ಇಳಿದಷ್ಟೂ ಮರ ಗಿಡ್ಡವಾಗುತ್ತೆ, ಹಳ್ಳ ಬತ್ತುತ್ತೆ, ಕಲ್ಲು ಕಾಯುತ್ತೆ. ಕಾಲು ಸೋತು, ನೀರು ಮುಗಿಯೋ ಹೊತ್ತಿಗೆ ನೀವು ಸರಿಯಾಗಿ ಮರುಭೂಮಿಯ ನಟ್ಟನಡುವೆ ನಿಂತಿರ್ತೀರಿ.

ಊರು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಈ ಬೆಟ್ಟಸಾಲಿನ ಅತಿ ಎತ್ತರದ ಮೌಂಟ್ ಲೆಮನ್ ತುದಿ ಸುಮಾರು 2,790 ಮೀಟರ್. ಕಾರಲ್ಲಿ ಹೋದ್ರೆ ಒಂದು ಗಂಟೆ ಚಿಲ್ಲರೆ. ಅಷ್ಟರಲ್ಲಿ ಉಷ್ಣಾಂಶ ಹದಿನೈದು ಡಿಗ್ರಿ ಇಳಿದಿರುತ್ತೆ. ಚಳಿಗಾಲದಲ್ಲಿ ಮೇಲೆ ಜನ ಸ್ಕೀ ಮಾಡ್ತಿದ್ರೆ ಕೆಳಗೆ ನಾವು ಅರ್ಧ ತೋಳಿನ ಅಂಗಿಯಲ್ಲಿ ಓಡ್ತಿರ್ತೀವಿ.

ನನಗೆ ಬುದ್ಧಿ ಬಂದ ದಿನದ ಕಥೆ ಇದು. ಬಂದ ಎರಡನೇ ವರ್ಷ, ಮೇ ತಿಂಗಳು. ಸ್ನೇಹಿತ ಬೆಳಿಗ್ಗೆ ಏಳಕ್ಕೆ ಬೆಟ್ಟದ ಮೇಲಿರೋ ಮಾರ್ಷಲ್ ಗಲ್ಚ್‌ನಲ್ಲಿ ಇಳಿಸಿ ಹೋದ. ಅಲ್ಲಿ ಎಂಟು ಡಿಗ್ರಿ ಚಳಿ, ಜಾಕೆಟ್ ಹಾಕಿದ್ದೆ. ವೈಲ್ಡರ್ನೆಸ್ ಆಫ್ ರಾಕ್ಸ್ ಅನ್ನೋ ಬಂಡೆಗಳ ಕಾಡು ದಾಟಿ, ರೊಮೆರೊ ಪಾಸ್‌ಗೆ ಬಂದು, ಅಲ್ಲಿಂದ ವೆಸ್ಟ್ ಫೋರ್ಕ್ ಟ್ರೇಲ್ ಹಿಡಿದು ಬೆಟ್ಟದ ಬುಡದ ಸಾಬಿನೊ ಕ್ಯಾನ್ಯನ್ ಕಣಿವೆಗೆ ಇಳಿಯೋದು ಅಂತ ಲೆಕ್ಕ. ಮೂವತ್ತು ಕಿ.ಮೀ. ದಾಟುತ್ತೆ, ಆದ್ರೆ ಹೆಚ್ಚಿನದು ಇಳಿಜಾರು. ಎರಡು ಲೀಟರ್ ನೀರು ಸಾಕು ಅಂದ್ಕೊಂಡೆ. ಚಳಿಯಲ್ಲಿ ನಿಂತು ನೀರಿನ ಲೆಕ್ಕ ಹಾಕಿದ್ದೇ ತಪ್ಪು. ಮೈಗೆ ಬಾಯಾರಿಕೆ ಇಲ್ಲದಾಗ ಮನಸ್ಸು ಕಮ್ಮಿ ನೀರನ್ನೇ ಒಪ್ಪುತ್ತೆ.

ರೊಮೆರೊ ಪಾಸ್ ಆದಮೇಲೆ ಓಕ್ ಮರ ತೆಳುವಾಯ್ತು. ಹಚಸ್ ಪೂಲ್ ಅನ್ನೋ ಮಡುವಿನ ಹತ್ತಿರ ಬಂದಾಗ ಹನ್ನೊಂದೂವರೆ. ಮಡುವಿನಲ್ಲಿ ನೀರಿತ್ತು, ಶೋಧಿಸೋ ಫಿಲ್ಟರ್ ನನ್ನ ಹತ್ರ ಇರಲಿಲ್ಲ. ಬಾಟಲಿಯಲ್ಲಿ ಎರಡು ಗುಟುಕು ಉಳಿದಿತ್ತು. ಅಲ್ಲಿಂದ ಸಾಬಿನೊ ರಸ್ತೆ ತುದಿಗೆ ಆರೇಳು ಕಿ.ಮೀ. ಅಷ್ಟೇ. ಅದನ್ನ ದಾಟೋಕೆ ಎರಡು ಗಂಟೆ ಹಿಡೀತು. ಮೂವತ್ತಾರು ಡಿಗ್ರಿ. ಸವಾರೊ ಕಳ್ಳಿಯ ಕಂಬದಷ್ಟು ಅಗಲದ ನೆರಳಲ್ಲಿ ನಿಂತು ನಿಂತು ಹೋದೆ. ಬೆವರೇ ಬರ್ತಿಲ್ಲ ಅನ್ನಿಸ್ತು. ನಿಜವಾಗಿ ಬರ್ತಿತ್ತು, ಒಣಗಾಳಿ ಆ ಕ್ಷಣಕ್ಕೇ ಹೀರಿಕೊಂಡು ಅಂಗಿ ಮೇಲೆ ಬಿಳಿ ಉಪ್ಪು ಮಾತ್ರ ಬಿಡ್ತಿತ್ತು. ರಸ್ತೆ ತುದಿಯಲ್ಲಿ ಟ್ರಾಮ್ ಕಾಯ್ತಿದ್ದ ಒಬ್ಬ ವಯಸ್ಸಾದ ದಂಪತಿ ನನ್ನ ಮುಖ ನೋಡಿ, ಕೇಳೋ ಮುಂಚೆಯೇ ಬಾಟಲಿ ಮುಂದೆ ಹಿಡಿದ್ರು.

ಆವತ್ತಿಂದ ನನ್ನ ನಿಯಮ: ಶುರುವಾಗೋ ಜಾಗದ ಹವೆ ನೋಡಿ ಚೀಲ ಕಟ್ಟಬೇಡಿ, ಮುಗಿಯೋ ಜಾಗದ, ಮುಗಿಯೋ ಹೊತ್ತಿನ ಹವೆ ನೋಡಿ ಕಟ್ಟಿ.

ಚಾಂಡ್ಲರ್ ಓಟಗಾತಿ

ಓದಿ ಮೈ ಜುಮ್ ಅಂತು. ನಾನು ಮಲ್ನಾಡ್ ಅಲ್ಟ್ರಾ ಓಟದಲ್ಲಿ 50 ಕಿ.ಮೀ. ಓಡಿದ್ದೀನಿ, ಕಾಫಿ ತೋಟ, ಮಳೆ, ಜಿಗಣೆ ಎಲ್ಲ ಗೊತ್ತು. ಮರುಭೂಮಿ ಮಾತ್ರ ಹೊಸದು. ಅಕ್ಟೋಬರ್ ಕೊನೆಯಲ್ಲಿ ಎರಡು ದಿನ ಬಿಡುವು ಸಿಗುತ್ತೆ. ಒಂದು ದಿನ ಕೆಳಗೆ, ಒಂದು ದಿನ ಮೇಲೆ ಓಡೋ ಆಸೆ. ಎಲ್ಲಿಂದ ಶುರು ಮಾಡ್ಲಿ?

ಇನ್ನೊಂದು: ಸಾಗುವಾರೊ ಅಂತಾರಲ್ಲ, ಅದೇನಾ ನೀವು ಸವಾರೊ ಅಂದಿದ್ದು?

ಬಳ್ಳಾರಿ ಬಿಸಿಲು

ಹೌದು, ಅದೇ. ಸ್ಪ್ಯಾನಿಷ್ ಬರವಣಿಗೆಯಿಂದ ಬಂದಿದ್ದು, ಇಲ್ಲಿಯವರು ಹೇಳೋದು ಸವಾರೊ. ಹಾಗೇ ಚೋಯಾ ಕಳ್ಳಿ, ಓಕೊಟೀಯೊ ಗಿಡ, ಹೀಲಾ ನದಿ; ಬರೆಯೋದು ಒಂದು ಥರ, ಹೇಳೋದು ಇನ್ನೊಂದು.

ಕೆಳಗಿನ ದಿನಕ್ಕೆ ಸಾಬಿನೊ ಕ್ಯಾನ್ಯನ್‌ನ ಫೋನ್‌ಲೈನ್ ಟ್ರೇಲ್. ಹಿಂದೆ ಬೆಟ್ಟದ ಮೇಲಕ್ಕೆ ಟೆಲಿಫೋನ್ ತಂತಿ ಎಳೆದಿದ್ದ ದಾರಿ ಅದು. ಕಣಿವೆಯ ಗೋಡೆಯ ಮೇಲೆ ನೂಲು ಹಿಡಿದಂತೆ ಸಾಗುತ್ತೆ. ಹೋಗ್ತಾ ಟ್ರೇಲ್, ವಾಪಸ್ ಬರ್ತಾ ಕಣಿವೆಯೊಳಗಿನ ಡಾಂಬರು ರಸ್ತೆ. ಒಟ್ಟು 14 ಕಿ.ಮೀ. ಆಸುಪಾಸು. ಎಡಗಡೆ ಕೆಳಗೆ ಹಳ್ಳ, ಬಲಗಡೆ ಸವಾರೊ. ಒಂದು ಕಡೆ ಆಳ ಇದೆ, ಕಾಲಿಡೋ ಜಾಗ ನೋಡಿ ಓಡಿ. ನೋಟ ನೋಡಬೇಕಾದ್ರೆ ನಿಲ್ಲಿ. ಅದೇ ಕಡೆ ಬೇರ್ ಕ್ಯಾನ್ಯನ್‌ನಲ್ಲಿ ಸೆವೆನ್ ಫಾಲ್ಸ್ ಇದೆ. ಅಲ್ಲಿ ಹಳ್ಳವನ್ನ ಹಲವು ಸಲ ದಾಟಬೇಕು, ಜನವೂ ಜಾಸ್ತಿ, ಓಟಕ್ಕಿಂತ ನಡಿಗೆಗೆ ಚೆಂದ.

ಮೇಲಿನ ದಿನಕ್ಕೆ ಮಾರ್ಷಲ್ ಗಲ್ಚ್ ಮತ್ತು ಆಸ್ಪೆನ್ ಟ್ರೇಲ್ ಸೇರಿಸಿದ ಸುತ್ತು. ಆರೇಳು ಕಿ.ಮೀ. ಮಾತ್ರ, ಆದ್ರೆ 2,250 ಮೀಟರ್ ಮೇಲೆ ಇರೋದ್ರಿಂದ ಉಸಿರು ಬೇಗ ಸೋಲುತ್ತೆ. ಚಾಂಡ್ಲರ್ ಸಮತಟ್ಟಿನಲ್ಲಿ ಓಡೋ ವೇಗ ಅಲ್ಲಿ ಮರೆತುಬಿಡಿ. ಪಾಂಡರೋಸಾ ಪೈನ್ ಮರ ಸಿಕ್ಕರೆ ತೊಗಟೆಯ ಬಿರುಕಿಗೆ ಮೂಗಿಟ್ಟು ನೋಡಿ, ಬಿಸಿಲು ಬಿದ್ದಿದ್ರೆ ವೆನಿಲ್ಲಾ ವಾಸನೆ ಬರುತ್ತೆ. ನನ್ನ ಮಗಳು ಆ ಮರಗಳನ್ನ ಐಸ್‌ಕ್ರೀಮ್ ಮರ ಅಂತಾಳೆ.

ಯಳಂದೂರಿನವ

ನಾನು ಇಲ್ಲಿ ಸಸ್ಯಶಾಸ್ತ್ರ ಓದೋಕೆ ಬಂದವನು, ಓಟ ಆಮೇಲೆ ಅಂಟಿಕೊಂಡಿದ್ದು. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಹುಟ್ಟಿದ್ದರಿಂದ ಈ ಬೆಟ್ಟ ನೋಡಿ ಮೊದಲ ದಿನವೇ ಮನೆ ನೆನಪಾಯ್ತು. ಯಳಂದೂರು ಕಡೆಯ ಕುರುಚಲು ಕಾಡಲ್ಲಿ ಹೊರಟು ಎಲೆ ಉದುರಿಸೋ ಕಾಡು ದಾಟಿ ಶೋಲೆ, ಹುಲ್ಲುಗಾವಲು ಮುಟ್ಟೋಕೆ ನಮ್ಮಲ್ಲಿ ಒಂದು ಬೆಳಿಗ್ಗೆ ಸಾಕು. ಇಲ್ಲಿ ಅದೇ ಏಣಿ ಇನ್ನೂ ಉದ್ದ, ಇನ್ನೂ ಕಡಿದು.

ಫಾರೆಸ್ಟ್ ಶ್ರೀವ್ ಅನ್ನೋ ಸಸ್ಯವಿಜ್ಞಾನಿ ಇದೇ ಕ್ಯಾಟಲೀನಾ ಬೆಟ್ಟವನ್ನ ಹತ್ತಿ ಇಳಿದು ಅಳೆದು 1915ರಲ್ಲಿ ಬರೆದದ್ದು ಇವತ್ತಿಗೂ ಓಡುವವರಿಗೆ ಉಪಯೋಗ. ಊರೊಳಗೇ ಇರೋ ಟುಮಮಾಕ್ ಗುಡ್ಡದ ಮರುಭೂಮಿ ಪ್ರಯೋಗಾಲಯ 1903ರಲ್ಲಿ ಶುರುವಾಯ್ತು, ಅವರು ಕೆಲಸ ಮಾಡಿದ್ದು ಅಲ್ಲೇ. ಎತ್ತರ ಒಂದೇ ಆದ್ರೂ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಕಳ್ಳಿ, ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಓಕ್. ಬಿಸಿಲು ಬೀಳೋ ಕೋನದ ಪ್ರಭಾವ ಅಷ್ಟು ದೊಡ್ಡದು. ಓಟದ ದಾರಿ ಆರಿಸುವಾಗ ನಾನು ಮ್ಯಾಪಿನಲ್ಲಿ ಎತ್ತರದ ಗೆರೆಗಳ ಜೊತೆಗೆ ಇಳಿಜಾರಿನ ದಿಕ್ಕನ್ನೂ ನೋಡ್ತೀನಿ. ಮಧ್ಯಾಹ್ನ ದಕ್ಷಿಣದ ಮೈ ಮೇಲೆ ಇರಬಾರದು.

ಸವಾರೊ ಬಗ್ಗೆ ಎರಡು ಮಾತು, ಏಕೆಂದ್ರೆ ಅದನ್ನ ಬರೀ ಫೋಟೊ ತೆಗೆಸಿಕೊಳ್ಳೋ ಕಂಬ ಮಾಡಿಬಿಟ್ಟಿದ್ದಾರೆ. ಹುಟ್ಟಿದ ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯೋದು ಒಂದೂವರೆ ಇಂಚು. ಪಾಲೊ ವರ್ಡೆಯಂಥ ಮರದ ನೆರಳು ಸಿಗದಿದ್ರೆ ಆ ಮರಿ ಉಳಿಯೋದೇ ಕಷ್ಟ. ಮೊದಲ ತೋಳು ಬರೋಕೆ ಐವತ್ತರಿಂದ ಎಪ್ಪತ್ತೈದು ವರ್ಷ, ಒಣ ಜಾಗದಲ್ಲಿ ಇನ್ನೂ ತಡ. ಮೈಮೇಲಿನ ಮಡಿಕೆಗಳು ಮಳೆ ಬಂದಾಗ ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಹಗಲಲ್ಲೂ ಬಿಡದ ಕೊರೆಚಳಿ ಅದಕ್ಕೆ ಸಾವು. ಹಾಗಾಗಿ ಮೇಲೆ ಓಡ್ತಾ ಓಡ್ತಾ ಒಂದು ಕಡೆ ಸವಾರೊ ಥಟ್ಟನೆ ನಿಂತುಹೋಗುತ್ತೆ. ಆ ಗೆರೆ ದಾಟುವಾಗ ಪ್ರತಿ ಸಲ ನಾನು ಹಿಂತಿರುಗಿ ನೋಡ್ತೀನಿ.

ಈ ನೆಲದ ತೊಹೊನೊ ಓಧಮ್ ಜನ ಸವಾರೊವನ್ನ ಮನುಷ್ಯರಂತೆಯೇ ಕಾಣ್ತಾರೆ. ಜೂನ್ ತಿಂಗಳ ಸುಡುಬಿಸಿಲಲ್ಲಿ, ಮಳೆಗೆ ಮುಂಚೆ, ಸತ್ತ ಸವಾರೊದ ಎಲುಬಿನಂಥ ಕೋಲಿನಿಂದಲೇ ಹಣ್ಣು ಕೀಳ್ತಾರೆ. ಅವರ ವರ್ಷ ಶುರುವಾಗೋದೂ ಆಗಲೇ. ಕ್ಯಾಟಲೀನಾಕ್ಕೆ ಅವರ ಹೆಸರು ಬಾಬಾದ್ ದೊಆಗ್, ಕಪ್ಪೆ ಬೆಟ್ಟ ಅಂತ. ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡೋ ಊರಿಂದ ಬಂದ ನನಗೆ ಆ ಹೆಸರು ಕೇಳಿ ಎಷ್ಟು ಸಂತೋಷವಾಯ್ತು ಅಂತ ಹೇಳಲಾರೆ.

ರಾಯಚೂರ ರೊಟ್ಟಿ

ಯಳಂದೂರಿನವರಿಗೆ ಮನಿ ನೆನಪಾತು ಅಂದ್ರ ನನಗೂ ಆಗೇತಿ, ಆದ್ರ ಬ್ಯಾರೆ ಕಾರಣಕ್ಕ. ಮೊದಲ ಸಲ ಸಾಬಿನೊದಾಗ ಓಡಾಕ ಹೋದಾಗ ಹಳ್ಳದ ದಂಡಿಗುಂಟ ಒಂದು ಗಿಡ ನೋಡಿ ನಿಂತಬಿಟ್ಟೆ. ಅದ ಎಲಿ, ಅದ ಮುಳ್ಳ, ಅದ ಕಾಯಿ. ನಮ್ಮ ಬಳ್ಳಾರಿ ಜಾಲಿ! ಇಲ್ಲೆ ಮೆಸ್ಕೀಟ್ ಅಂತಾರ. ಒಂದ ಜಾತಿ ಅಲ್ಲ, ಆದ್ರ ಅಣ್ಣತಮ್ಮರು. ನಮ್ಮ ಕಡಿ ಹೊಲಾ, ಕೆರಿ ಎಲ್ಲಾ ನುಂಗಿದ ಗಿಡದ ತವರು ಈ ಅಮೆರಿಕಾ ಖಂಡ ಅಂತ ಆವತ್ತ ಮನಸಿಗೆ ನಾಟಿತು. ಪಾಪಾಸುಕಳ್ಳಿ, ಕತ್ತಾಳಿ, ಎಲ್ಲಾ ಈ ಕಡಿಯಿಂದ ಬಂದಾವು. ನಮ್ಮೂರ ಬೇಲಿ ಪೂರಾ ಇಲ್ಲೇ ಬಯಲಾಗ ನಿಂತೇತಿ.

ತವರಿನ್ಯಾಗ ಈ ಗಿಡಕ್ಕ ಎಷ್ಟ ಮರ್ಯಾದಿ ನೋಡ್ರಿ. ಕಾಯಿ ಒಣಗಿಸಿ ಬೀಸಿ ಹಿಟ್ಟ ಮಾಡ್ತಾರ, ಓಧಮ್ ಮಂದಿಗೆ ಅದು ಹಳೀ ಕಾಲದಿಂದ ಊಟ. ಸಿಹಿ ಇರತೈತಿ. ನಾ ಒಂದು ಸಲ ಜ್ವಾಳದ ಹಿಟ್ಟಿನ ಕೂಡ ಕಲಿಸಿ ರೊಟ್ಟಿ ತಟ್ಟೀನಿ. ಉದ್ದ ಓಟಕ್ಕ ಆ ರೊಟ್ಟಿ ಬೆಲ್ಲ ಹಚ್ಚಿ ಸುರುಳಿ ಮಾಡಿ ಒಯ್ತೀನಿ, ಓಟಗಾರರು ನುಂಗೋ ಪ್ಯಾಕೆಟ್ ಜೆಲ್‌ಗಿಂತ ಹೊಟ್ಟಿಗೆ ಹಿತ.

ಇದರ ಉಲ್ಟಾ ಕಥಿನೂ ಐತಿ, ಅದನ್ನ ಹೇಳಲಿಕ್ಕ ದುಃಖ ಆಗತೈತಿ. ಟ್ರೇಲ್ ಬಾಜೂಕ ಗೊಂಚಲ ಗೊಂಚಲ ಒಣಹುಲ್ಲ ಕಾಣತೈತಲ್ಲ, ಬಫೆಲ್ ಹುಲ್ಲ. ಆಫ್ರಿಕಾದಿಂದ ಹಿಡದು ನಮ್ಮ ಭಾರತದ ತನಕ ಒಣನಾಡಿನ ಹುಲ್ಲ ಅದು. ದನದ ಮೇವಿಗಂತ ಇಲ್ಲಿಗೆ ತಂದರು. ಸವಾರೊ ಕಾಡಿನ್ಯಾಗ ಮೊದಲ ಗಿಡಕ್ಕೂ ಗಿಡಕ್ಕೂ ನಡುವ ಬರೀ ಮಣ್ಣ ಇರತಿತ್ತು, ಬೆಂಕಿ ಬಿದ್ರೂ ಹಬ್ಬತಿರಲಿಲ್ಲ. ಈಗ ಆ ಖಾಲಿ ಜಾಗಾ ಈ ಹುಲ್ಲ ತುಂಬಕೊಂತ ಹೊಂಟೇತಿ. ಸವಾರೊಕ್ಕ ಬೆಂಕಿ ತಾಳೋ ಶಕ್ತಿ ಇಲ್ಲ. ಚಳಿಗಾಲದಾಗ ಸ್ವಯಂಸೇವಕರು ಸಲಿಕಿ ಹಾರಿ ತಗೊಂಡು ಕಿತ್ತಲಿಕ್ಕ ಹೋಗ್ತಾರ. ನಾನೂ ಹೋಗ್ತೀನಿ. ಓಡೋ ದಾರಿಗೆ ನಾವು ಕೊಡಬೇಕಾದ ಬಾಕಿ ಅದು ಅಂತ ನನ್ನ ಭಾವನಾ. ಓಟ ಮುಗದ ಮ್ಯಾಲೆ ಬೂಟಿಗೆ, ಸಾಕ್ಸಿಗೆ ಹತ್ತಿದ ಬೀಜ ಅಲ್ಲೇ ತಗದು ಚೀಲಕ್ಕ ಹಾಕ್ರಿ, ಮುಂದಿನ ಟ್ರೇಲಿಗೆ ಒಯ್ಯಬ್ಯಾಡ್ರಿ.

ತುರ್ತು ವಾರ್ಡಿನ ದಾದಿ

ಬೇಸಿಗೆಯಲ್ಲಿ ಇಂಥ ಓಟಗಾರರನ್ನ ಸ್ಟ್ರೆಚರ್ ಮೇಲೆ ನೋಡೋ ಕೆಲಸ ನನ್ನದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

"ಬೆವರು ನಿಂತರೆ ಹೀಟ್ ಸ್ಟ್ರೋಕ್" ಅನ್ನೋ ನಂಬಿಕೆ ಅಪಾಯ. ಓಡ್ತಿರೋರಿಗೆ ಹೀಟ್ ಸ್ಟ್ರೋಕ್ ಆದಾಗ ಮೈ ಒದ್ದೆಯಾಗೇ ಇರಬಹುದು. ನೋಡಬೇಕಾಗಿರೋದು ತಲೆಯನ್ನ. ಜೊತೆಗಿರೋನು ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಡ್ತಾನೆ, ಸುಮ್ನೆ ಸಿಟ್ಟಾಗ್ತಾನೆ, ತೂರಾಡ್ತಾನೆ ಅಂದ್ರೆ ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿರಬಹುದು. ಆಗ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಕಾಯೋ ಹೊತ್ತಲ್ಲಿ ಸುಮ್ಮನಿರದೆ ತಂಪು ಮಾಡಿ. ಹಳ್ಳದಲ್ಲಿ ನೀರಿದ್ರೆ ತಲೆ ಮೇಲಿರೋ ಹಾಗೆ ಹಿಡಿದು ಕುತ್ತಿಗೆವರೆಗೂ ಮುಳುಗಿಸಿ. ಇಲ್ಲದಿದ್ರೆ ಇರೋ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಮೊದಲು ತಂಪು, ಆಮೇಲೆ ಸಾಗಣೆ.

ಎರಡನೇದು ಯಾರೂ ಹೇಳದ ವಿಷಯ: ನೀರು ಜಾಸ್ತಿ ಕುಡಿದೂ ಸಾಯಬಹುದು. ಹೆದರಿಕೆಯಿಂದ ಬರೀ ನೀರನ್ನೇ ಗಟಗಟ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ತಲೆನೋವು, ವಾಂತಿ, ಬೆರಳು ಊದೋದು. ನೋಡೋಕೆ ಬಿಸಿಲ ಹೊಡೆತದ ಹಾಗೇ ಇರುತ್ತೆ, ಜೊತೆಗಿರೋರು ಇನ್ನಷ್ಟು ನೀರು ಕುಡಿಸ್ತಾರೆ. ನೀರು ಹೊತ್ತುಕೊಳ್ಳೋದು ಧಾರಾಳವಾಗಿರಲಿ, ಕುಡಿಯೋದು ಬಾಯಾರಿಕೆಗೆ ತಕ್ಕಷ್ಟಿರಲಿ, ಜೊತೆಗೆ ಉಪ್ಪಿರೋ ತಿಂಡಿ ಇರಲಿ. ನಮ್ಮ ಹುರಿಗಾಳು, ಉಪ್ಪಿನಕಾಯಿ ಹಾಕಿದ ಚಪಾತಿ ಸುರುಳಿ, ಮಜ್ಜಿಗೆ ಮೆಣಸಿನಕಾಯಿ ಚೂರು, ಇವೆಲ್ಲ ಒಳ್ಳೆ ಓಟದ ಆಹಾರ.

ಮೈಗೆ ಬಿಸಿಲು ಒಗ್ಗೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಬೆಂಗಳೂರಿಂದ ವಿಮಾನ ಇಳಿದು ಮೂರನೇ ದಿನ ಉದ್ದ ಓಟ ಇಟ್ಟುಕೊಳ್ಳಬೇಡಿ.

ಶಿರಸಿ ಕಾಲುದಾರಿ

ಹಾವಿನ ಬಗ್ಗೆ ಯಾರಾದರೂ ಹೇಳಿ. ನಮ್ಮ ಕಡೆ ನಾಗರ, ಕೊಳಕುಮಂಡಲ ನೋಡಿ ಬೆಳೆದವನಾದ್ರೂ ಈ ಬಾಲ ಅಲ್ಲಾಡಿಸೋ ಹಾವು ಅಂದ್ರೆ ಭಯ. ಓಡುವಾಗ ಗೊತ್ತಾಗುತ್ತಾ?

ಉಡುಪಿ ಕಡಲು

ರ್‍ಯಾಟಲ್ ಸ್ನೇಕ್ ಕೂಡ ಮಂಡಲದ ಹಾವಿನ ಬಳಗದ್ದೇ ಮಾರಾಯ್ರೆ. ಎಂಟು ವರ್ಷದಲ್ಲಿ ಇಪ್ಪತ್ತು ಸಲವಾದರೂ ಕಂಡಿದ್ದೇನೆ, ಒಂದೂ ಬೆನ್ನಟ್ಟಿ ಬಂದದ್ದಿಲ್ಲ. ಆದರೆ ಎಲ್ಲವೂ ಸದ್ದು ಮಾಡುತ್ತವೆ ಅಂತ ನಂಬಬೇಡಿ. ಎಷ್ಟೋ ಸಲ ಸುಮ್ಮನೆ ಸುರುಳಿ ಸುತ್ತಿ ಮಲಗಿರುತ್ತವೆ, ಬಣ್ಣ ಮಣ್ಣಿನದ್ದೇ. ಎರಡೂ ಕಿವಿಗೆ ಹಾಡು ಹಾಕಿಕೊಂಡು ಓಡಬೇಡಿ. ಕೈ ಊರುವ ಬಂಡೆಯ ಆಚೆ ಬದಿ ನೋಡದೆ ಕೈ ಇಡಬೇಡಿ. ದಾರಿಗೆ ಅಡ್ಡ ಬಿದ್ದ ಮರವನ್ನು ಹಾರುವ ಬದಲು ಮೇಲೆ ಹತ್ತಿ ಆಚೆ ಬದಿ ನೋಡಿ ಇಳಿಯಿರಿ.

ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು, ಐಸ್ ಇಡುವುದು ಯಾವುದೂ ಬೇಡ. ವಾಚು, ಉಂಗುರ ತೆಗೆಯಿರಿ, ಏಕೆಂದರೆ ಊದುತ್ತದೆ. ಆದಷ್ಟು ಅಲುಗಾಡದೆ ಕರೆ ಮಾಡಿ. ಮದ್ದು ಆಸ್ಪತ್ರೆಯಲ್ಲಿ ಮಾತ್ರ ಇರುವುದು.

ನನ್ನ ಅನುಭವದಲ್ಲಿ ಹಾವಿಗಿಂತ ದಿನನಿತ್ಯದ ಪೀಡೆ ಚೋಯಾ ಕಳ್ಳಿ. ಮುಟ್ಟಿದರೆ ಸಾಕು, ಒಂದು ತುಂಡು ಕಳಚಿ ನಿಮ್ಮ ಮೀನಖಂಡಕ್ಕೆ ಅಂಟುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಅಂಟುತ್ತದೆ. ಅಗಲ ಹಲ್ಲಿನ ಬಾಚಣಿಗೆ ಒಂದು ಇಟ್ಟುಕೊಳ್ಳಿ; ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ ಒಂದೇ ಏಟಿಗೆ ಆಚೆ ಹಾರಿಸಬೇಕು, ಎದುರಿಗೆ ಯಾರೂ ಇಲ್ಲದ ಕಡೆಗೆ. ಉಳಿದ ಮುಳ್ಳಿಗೆ ಚಿಮಟ.

ಮಲ್ಲೇಶ್ವರದ ಮುಂಜಾವು

ನಾನು ಈ ಬೆಟ್ಟವನ್ನ ಮೊದಲು ನೋಡಿದ್ದು 2019ರಲ್ಲಿ. ಆಮೇಲೆ 2022ರಲ್ಲಿ ಹೋದೆ. ಅದೇ ಟ್ರೇಲ್ ಗುರುತೇ ಸಿಗಲಿಲ್ಲ. ಕಪ್ಪು ಕಂಬಗಳು, ಬೋಳು ಇಳಿಜಾರು. ಅರ್ಧಕ್ಕೇ ವಾಪಸ್ ಬಂದೆ. ಮತ್ತೆ ಹೋಗೋಕೆ ಮನಸ್ಸಿಲ್ಲ. ಸುಟ್ಟ ಕಾಡಲ್ಲಿ ಓಡೋದರಲ್ಲಿ ಏನು ಖುಷಿ?

ಬಳ್ಳಾರಿ ಬಿಸಿಲು

ನಿಮ್ಮ ನೋವು ಅರ್ಥವಾಗುತ್ತೆ. 2020ರ ಜೂನ್ 5ರಂದು ಸಿಡಿಲಿನಿಂದ ಹೊತ್ತಿದ ಬಿಗ್‌ಹಾರ್ನ್ ಬೆಂಕಿ ಜುಲೈವರೆಗೂ ಉರೀತು. ಸುಮಾರು 1,20,000 ಎಕರೆ. ರಾತ್ರಿ ನಮ್ಮ ಮನೆ ಅಂಗಳದಿಂದ ಬೆಟ್ಟದ ಸಾಲಿನ ಮೇಲೆ ಕೆಂಪು ದಾರ ಎಳೆದ ಹಾಗೆ ಕಾಣ್ತಿತ್ತು. ಕೋವಿಡ್ ಕಾಲ ಬೇರೆ, ಮನೆಯೊಳಗೇ ಕೂತು ಪ್ರತಿ ರಾತ್ರಿ ಅದನ್ನ ನೋಡ್ತಿದ್ವಿ. ಅದಕ್ಕೂ ಮುಂಚೆ 2003ರ ಆಸ್ಪೆನ್ ಬೆಂಕಿಯಲ್ಲಿ ಮೇಲಿನ ಸಮ್ಮರ್‌ಹೇವನ್ ಹಳ್ಳಿಯ ಮುನ್ನೂರಕ್ಕೂ ಹೆಚ್ಚು ಮನೆ, ಅಂಗಡಿ ಸುಟ್ಟಿದ್ವು ಅಂತ ಹಳಬರು ಹೇಳ್ತಾರೆ.

ಆದ್ರೂ ಹೋಗಿ ಅಂತ ನಾನು ಕೇಳ್ಕೊಳ್ತೀನಿ. ಪೈನ್ ಸತ್ತ ಜಾಗದಲ್ಲಿ ಆಸ್ಪೆನ್ ಮರದ ಬೇರಿಂದ ನೂರಾರು ಕುಡಿ ಎದ್ದಿವೆ. ಮೊದಲ ವರ್ಷ ಮೊಣಕಾಲೆತ್ತರ, ಈಗ ನನ್ನ ತಲೆ ಮೀರಿದೆ. ಪ್ರತಿ ವರ್ಷ ಅದೇ ತಿರುವಿನಲ್ಲಿ ನಿಂತು ಅಳತೆ ನೋಡ್ತೀನಿ. ಓಟದ ಮಟ್ಟಿಗೆ ಎಚ್ಚರ ಬೇಕಾಗಿರೋದು ಗಾಳಿ ಇರೋ ದಿನ: ಸತ್ತ ಮರ ಸದ್ದಿಲ್ಲದೆ ಬೀಳುತ್ತೆ. ಜೊತೆಗೆ ನೆರಳಿಲ್ಲ. ಹಳೆ ಮ್ಯಾಪಿನಲ್ಲಿ "ಕಾಡು" ಅಂತಿದ್ರೂ ಅದು ಈಗ ಬಯಲು, ನೀರಿನ ಲೆಕ್ಕ ಬದಲಾಯಿಸಿ.

ಯಳಂದೂರಿನವ

ಇದಕ್ಕೆ ಒಂದು ಸೇರಿಸ್ತೀನಿ. ಪಾಂಡರೋಸಾ ಕಾಡಿಗೆ ನೆಲದ ಮೇಲೆ ಹರಿದು ಹೋಗೋ ಸಣ್ಣ ಬೆಂಕಿ ಹೊಸದಲ್ಲ, ಅದರ ದಪ್ಪ ತೊಗಟೆ ಅದಕ್ಕೇ ಇರೋದು. ನೂರು ವರ್ಷ ಪ್ರತಿ ಬೆಂಕಿಯನ್ನೂ ಆರಿಸಿ ಆರಿಸಿ ತರಗು, ಪೊದೆ ಶೇಖರವಾಯ್ತು, ಅದರ ಮೇಲೆ ಬರ ಬಂತು. ಆಗ ಬಿದ್ದ ಬೆಂಕಿ ಮರದ ತುದಿಗೇ ಏರಿತು. ನಮ್ಮ ಸೋಲಿಗರು ಕಾಲಕಾಲಕ್ಕೆ ತರಗಿಗೆ ಸಣ್ಣ ಬೆಂಕಿ ಹಾಕ್ತಿದ್ದನ್ನ ನಿಲ್ಲಿಸಿದ ಮೇಲೆ ಬೆಟ್ಟದಲ್ಲಿ ಲಂಟಾನ ತುಂಬಿದ್ದು ನೋಡಿದವನಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ದಾವಣಗೆರೆ ದಾರಿಹೋಕ

ಜುಲೈ, ಆಗಸ್ಟ್‌ನಲ್ಲಿ ರಾತ್ರಿ ಹೊತ್ತು ಹೆಡ್‌ಲ್ಯಾಂಪ್ ಹಾಕ್ಕೊಂಡು ಕೆಳಗಿನ ಟ್ರೇಲ್‌ನಲ್ಲಿ ಓಡ್ತೀನಿ. ಬಿಸಿಲಿಲ್ಲ, ಜನ ಇಲ್ಲ. ನೀವೆಲ್ಲ ಬರೀ ಹೆದರಿಸ್ತಿದ್ದೀರಿ ಅನ್ನಿಸುತ್ತೆ.

ಉಡುಪಿ ಕಡಲು

ಬೇಸಿಗೆಯಲ್ಲಿ ಹಾವುಗಳೂ ಅದೇ ಕಾರಣಕ್ಕೆ ರಾತ್ರಿ ಹೊರಡುತ್ತವೆ. ನಿಮಗೆ ಹಿತವಾದ ಹೊತ್ತು ಅವಕ್ಕೂ ಹಿತ. ನಾನಂತೂ ಒಲ್ಲೆ.

ಬಳ್ಳಾರಿ ಬಿಸಿಲು

ದಾವಣಗೆರೆಯವರೇ, ಅನುಭವ ಇದ್ದು, ಅಗಲ ದಾರಿಯಲ್ಲಿ, ಜೊತೆಗೊಬ್ಬರನ್ನ ಕಟ್ಟಿಕೊಂಡು ಓಡ್ತಿದ್ರೆ ನನ್ನ ತಕರಾರಿಲ್ಲ. ನನ್ನ ಭಯ ಬೇರೆ. ಆ ಎರಡು ತಿಂಗಳು ಇಲ್ಲಿ ಮಾನ್ಸೂನ್. ಅಧಿಕೃತವಾಗಿ ಜೂನ್ 15ರಿಂದ ಸೆಪ್ಟೆಂಬರ್ 30. ವರ್ಷದ ಮಳೆಯಲ್ಲಿ ಅರ್ಧದಷ್ಟು ಆಗಲೇ. ನಮ್ಮ ಮುಂಗಾರಿನಂತೆ ದಿನವಿಡೀ ಹಿಡಿಯೋ ಮಳೆ ಇದಲ್ಲ. ಮಧ್ಯಾಹ್ನ ಬೆಟ್ಟದ ತಲೆ ಮೇಲೆ ಮೋಡ ಕಟ್ಟಿ, ಒಂದು ಗಂಟೆ ಸುರಿದು ನಿಲ್ಲುತ್ತೆ. ಕೆಳಗೆ ನಕ್ಷತ್ರ ಕಾಣ್ತಿರುತ್ತೆ, ಮೇಲೆ ಬಿದ್ದ ನೀರು ಕಣಿವೆಯಲ್ಲಿ ಇಳಿದು ಬರ್ತಿರುತ್ತೆ. ಕತ್ತಲಲ್ಲಿ ಹಳ್ಳದ ಬಣ್ಣ ಬದಲಾಗಿದ್ದು ನಿಮಗೆ ಕಾಣಲ್ಲ.

2006ರ ಜುಲೈ ಕೊನೆಯಲ್ಲಿ ಕೆಲವು ದಿನ ಬಿಡದೆ ಮಳೆಯಾಗಿ ಸಾಬಿನೊ ಗೋಡೆಗಳಿಂದ ಮಣ್ಣು, ಬಂಡೆ, ಮರ ಎಲ್ಲ ಕಲಸಿ ಜಾರಿ ಬಂದು ಮೇಲ್ಭಾಗದ ರಸ್ತೆಯನ್ನೇ ಹಾಳು ಮಾಡಿತ್ತು. ಆ ಬಂಡೆಗಳು ಇವತ್ತಿಗೂ ಅಲ್ಲೇ ಬಿದ್ದಿವೆ.

ಇಷ್ಟು ಹೇಳಿದ ಮೇಲೂ ಒಂದನ್ನ ಹೇಳದಿದ್ರೆ ಅನ್ಯಾಯ. ಮಾನ್ಸೂನಿನ ಮೊದಲ ಮಳೆಯ ಮರುದಿನ ಬೆಳಿಗ್ಗೆ ಐದಕ್ಕೆ ಮರುಭೂಮಿಯಲ್ಲಿ ಓಡಿ ನೋಡಿ. ಕ್ರಿಯೋಸೋಟ್ ಪೊದೆಯ ಎಲೆ ನೆನೆದಾಗ ಬರೋ ಘಮ ಇಡೀ ಕಣಿವೆ ತುಂಬಿರುತ್ತೆ. ನಮ್ಮ ಎರೆಮಣ್ಣಿನ ಮೊದಲ ಮಳೆ ವಾಸನೆಯಂತಲ್ಲ, ಇದು ಸ್ವಲ್ಪ ಕಟು, ಔಷಧಿಯ ಹಾಗೆ. ಆದ್ರೆ ಎದೆಯಲ್ಲಿ ಏಳಿಸೋ ಭಾವ ಅದೇ. ನಾನು ಬಳ್ಳಾರಿ ಬಿಟ್ಟು ಬಂದ ದುಃಖ ಕಮ್ಮಿಯಾಗಿದ್ದು ಆ ವಾಸನೆಯಿಂದ.

ಮೈಸೂರು ಮೈಲಿಗಲ್ಲು

ಯಾರೂ ಹೇಳಿಲ್ಲವಾದ್ದರಿಂದ ಹೇಳ್ತೀನಿ. ಅರಿಜೋನಾ ಟ್ರೇಲ್ ಕೂಡ ಇದೇ ಬೆಟ್ಟದ ಮೇಲೆ ಹಾಯುತ್ತೆ. ಮೆಕ್ಸಿಕೊ ಗಡಿಯಿಂದ ಯೂಟಾ ಗಡಿವರೆಗೆ 800 ಮೈಲಿ, ಸುಮಾರು 1,290 ಕಿ.ಮೀ. ಫ್ಲ್ಯಾಗ್‌ಸ್ಟಾಫ್‌ನ ಡೇಲ್ ಶೆವಾಲ್ಟರ್ ಅನ್ನೋ ಶಾಲಾ ಮೇಷ್ಟ್ರು 1985ರಲ್ಲಿ ರಾಜ್ಯದ ಉದ್ದಕ್ಕೂ ನಡೆದು ನೋಡಿ, ಇಂಥದ್ದೊಂದು ದಾರಿ ಸಾಧ್ಯ ಅಂತ ಊರೂರಿಗೆ ಹೋಗಿ ಹೇಳಿದ್ರು. ಪೂರ್ತಿಯಾಗಿದ್ದು 2011ರಲ್ಲಿ. ಮರುಭೂಮಿ, ಪೈನ್ ಕಾಡು, ಮತ್ತೆ ಮರುಭೂಮಿ, ಹೀಗೇ ಏರಿಳಿಯುತ್ತೆ.

ಮೊಲಿನೊ ಬೇಸಿನ್‌ನಿಂದ ಆ ಟ್ರೇಲ್‌ನಲ್ಲಿ ಓಡಿದ್ರೆ ಹಳೇ ಕಟ್ಟಡಗಳ ಅಡಿಪಾಯ ಇರೋ ಒಂದು ಬಯಲು ಬರುತ್ತೆ. ಅಲ್ಲೊಂದು ಫೆಡರಲ್ ಜೈಲು ಶಿಬಿರ ಇತ್ತು. ನಾವು ಇಂದು ಕಾರಲ್ಲಿ ಹತ್ತೋ ಕ್ಯಾಟಲೀನಾ ಹೆದ್ದಾರಿಯನ್ನ 1933ರಿಂದ 1950ರವರೆಗೆ ಕಡಿದದ್ದು ಹೆಚ್ಚಾಗಿ ಕೈದಿಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರ ಮೇಲೆ ಹೇರಿದ ಕರ್ಫ್ಯೂ ಮತ್ತು ಸ್ಥಳಾಂತರದ ಆಜ್ಞೆಯನ್ನ ಧಿಕ್ಕರಿಸಿದ ಗಾರ್ಡನ್ ಹಿರಬಯಾಶಿ ಅನ್ನೋ ವಿದ್ಯಾರ್ಥಿಗೂ ಇಲ್ಲೇ ಶಿಕ್ಷೆ. ಕರೆದೊಯ್ಯೋಕೆ ಸರ್ಕಾರ ಖರ್ಚು ಕೊಡಲ್ಲ ಅಂದಾಗ ವಾಷಿಂಗ್ಟನ್ ರಾಜ್ಯದಿಂದ ಸಿಕ್ಕ ಸಿಕ್ಕ ಗಾಡಿಗೆ ಕೈ ಅಡ್ಡ ಹಾಕಿ, ತಾವೇ ಜೈಲು ಹುಡುಕಿಕೊಂಡು ಬಂದ್ರು. ಬಂದಾಗ ಅವರ ಕಾಗದಪತ್ರವೇ ಇಲ್ಲಿ ಸಿಗಲಿಲ್ಲ. ವಾಪಸ್ ಹೋಗು ಅಂದ್ರೂ ಹೋಗದೆ, ಹುಡುಕಿಸಿ ಒಳಗೆ ಹೋದವರು. 1987ರಲ್ಲಿ ಕೋರ್ಟು ಆ ಶಿಕ್ಷೆಯನ್ನ ರದ್ದು ಮಾಡ್ತು. 1999ರಿಂದ ಆ ಜಾಗಕ್ಕೆ ಅವರದೇ ಹೆಸರು. ನಾನು ಅಲ್ಲಿಗೆ ಬಂದಾಗ ವಾಚ್ ನಿಲ್ಲಿಸಿ ನಡೀತೀನಿ.

ಚಾಂಡ್ಲರ್ ಓಟಗಾತಿ

ಹೋಗಿ ಬಂದೆ! ನೀವೆಲ್ಲ ಇಷ್ಟು ಬರೆದಿದ್ದಕ್ಕೆ ವರದಿ ಒಪ್ಪಿಸಲೇಬೇಕು.

ಶನಿವಾರ ಬೆಳಕು ಹರಿಯೋ ಮುಂಚೆ ಫೋನ್‌ಲೈನ್ ಹಿಡಿದೆ. ಮೂರು ಲೀಟರ್ ಹೊತ್ತಿದ್ದೆ, ವಾಪಸ್ ಬಂದಾಗ ಅರ್ಧ ಲೀಟರ್ ಮಿಕ್ಕಿತ್ತು. ಕಾಲ್ದಾರಿ ನಾನು ಅಂದುಕೊಂಡಿದ್ದಕ್ಕಿಂತ ಕಲ್ಲು. ಮಲೆನಾಡಿನ ಕೆಸರಲ್ಲಿ ಕಾಲು ಜಾರುತ್ತೆ, ಇಲ್ಲಿ ಹೆಜ್ಜೆ ಹೆಜ್ಜೆಗೂ ಕಣಕಾಲು ತಿರುಚೋ ಸಡಿಲ ಕಲ್ಲು. ಸೂರ್ಯ ಎದುರು ಗೋಡೆಯ ತುದಿಗೆ ಬಿದ್ದು ನಿಧಾನ ಕೆಳಗಿಳಿಯೋದನ್ನ ಓಡ್ತಾ ನೋಡಿದೆ. ಒಂದು ಹೊತ್ತಿಗೆ ಬೆಳಕು ಸವಾರೊಗಳ ತಲೆಗೆ ತಾಕಿ ಮುಳ್ಳೆಲ್ಲ ಬೆಳ್ಳಿಯಾಯ್ತು. ನಿಂತುಬಿಟ್ಟೆ. ವೇಗ, ಸಮಯ ಏನೂ ಬೇಡ ಅನ್ನಿಸ್ತು.

ಭಾನುವಾರ ಮೇಲೆ. ಐದು ಡಿಗ್ರಿ. ಆಸ್ಪೆನ್ ಎಲೆ ಅರ್ಧ ಉದುರಿ ದಾರಿ ಹಳದಿ. ಮಲ್ಲೇಶ್ವರದವರೇ, ಸುಟ್ಟ ಇಳಿಜಾರಿನಲ್ಲೂ ಹೋದೆ. ಕಪ್ಪು ಕಂಬಗಳ ನಡುವೆ ಎಳೆ ಆಸ್ಪೆನ್ ಎಷ್ಟು ಒತ್ತಾಗಿತ್ತು ಅಂದ್ರೆ ಆಚೆ ಬದಿ ಕಾಣ್ತಿರಲಿಲ್ಲ. ನಿಮಗಾಗಿ ಎರಡು ಫೋಟೊ ತೆಗೆದಿದ್ದೀನಿ. ಪೈನ್ ತೊಗಟೆ ಮೂಸಿದೆ, ವೆನಿಲ್ಲಾ ನಿಜ.

ಒಂದು ಪ್ರಶ್ನೆ ಉಳಿದಿದೆ. ಶನಿವಾರ ಕಣಿವೆಯಲ್ಲಿ ಒಂದು ಹಕ್ಕಿ ಕೂಗ್ತಿತ್ತು, ಕಣ್ಣಿಗೆ ಬೀಳಲಿಲ್ಲ. ಮೇಲಿನ ಸ್ವರದಲ್ಲಿ ಶುರುವಾಗಿ ಒಂದೊಂದೇ ಮೆಟ್ಟಿಲು ಇಳಿದ ಹಾಗೆ, ಅವರೋಹಣ ಹಾಡಿದ ಹಾಗೆ, ಕೊನೆಗೆ ನಿಧಾನ. ಕಣಿವೆ ಪೂರ್ತಿ ಅದೇ ಸದ್ದು. ಯಾವ ಹಕ್ಕಿ?

ಬಳ್ಳಾರಿ ಬಿಸಿಲು

ಕ್ಯಾನ್ಯನ್ ರೆನ್. ಮುಷ್ಟಿಯೊಳಗೆ ಹಿಡಿಸೋ ಕಂದು ಹಕ್ಕಿ, ಕತ್ತು ಬಿಳಿ. ಬಂಡೆಯ ಬಿರುಕಲ್ಲಿ ಇರುತ್ತೆ. ಫೋನ್‌ಲೈನ್ ಅರ್ಧ ದಾರಿಯಾದಮೇಲೆ ಗೋಡೆ ಒಳಕ್ಕೆ ಬಾಗೋ ಕಡೆ ಒಂದು ಜೋಡಿ ಇದೆ, ಬೆಳಿಗ್ಗೆ ಏಳರ ಹೊತ್ತಿಗೆ ನೋಡೋಕೂ ಸಿಗುತ್ತೆ. ಬರೋ ಭಾನುವಾರ ಐದೂವರೆಗೆ ನಾನು ಸಾಬಿನೊ ಗೇಟಿನ ಹತ್ತಿರ ಇರ್ತೀನಿ. ಮಲ್ಲೇಶ್ವರದವರೂ ಬರಲಿ. ತಲಾ ಮೂರು ಲೀಟರ್, ಒಂದು ಬಾಚಣಿಗೆ.